ಕೋಟಿನ ತೂಕ ಕಳೆದು

ಗಂಡನ ಕೊಲೆಸ್ಟ್ರಾಲ್ ನೂರಿಪ್ಪತ್ತೊಂದಕ್ಕೆ ಇಳಿದ ದಿನ ಟೀಚರಮ್ಮ ಬೀದಿಗೆಲ್ಲ ಸಿಹಿ ಹಂಚಿದರು. ಸಿಹಿಯೆಂದರೆ ಬರೀ ಸಕ್ಕರೆಯ ಮಿಠಾಯಿ. ಎಣ್ಣೆ, ಬೆಣ್ಣೆ ಎರಡೂ ಸೋಕದ್ದನ್ನೇ ಮೂರು ಅಂಗಡಿ ಸುತ್ತಿ ಹುಡುಕಿ ತಂದಿದ್ದರು. ಎಂಟು ತಿಂಗಳಿಂದ ಕ್ಯಾನ್ಸರ್ ಹೊಕ್ಕು ಕುಳಿತ ಮನೆಯಿಂದ ಮಿಠಾಯಿ ಬಂದರೆ ನೆರೆಹೊರೆಯವರು ಏನೆಂದು ತಿಳಿಯಬೇಕು? "ರೋಗ ವಾಸಿ ಆಯ್ತಾ ಟೀಚರಮ್ಮ?" ಎಂದು ಎದುರು ಮನೆಯಾಕೆ ಕೇಳಿಯೇ ಬಿಟ್ಟಳು. "ಅದೂ ಆಗುತ್ತೆ ಬಿಡಿ. ಮೊದಲು ಇದಾಯ್ತಲ್ಲ," ಎಂದರು ಟೀಚರಮ್ಮ. ಹದಿನೇಳು ವರ್ಷ ಹೋರಾಡಿ ಗೆದ್ದವರಿಗೆ ಅಷ್ಟಾದರೂ ಗತ್ತು ಬೇಡವೇ?

ಹೋರಾಟ ಶುರುವಾದದ್ದು ಹೀಗೆ. ಟೀಚರಮ್ಮನ ಗಂಡ ದರ್ಜಿ. ಊರೆಲ್ಲ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹದಿನೇಳು ವರ್ಷದ ಹಿಂದೆ ಮಾಸ್ಟರ್ ಅವರ ಅಣ್ಣ, ಅವರೂ ದರ್ಜಿಯೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎದೆ ಹಿಡಿದುಕೊಂಡು ಒರಗಿದವರು ಮತ್ತೆ ಏಳಲಿಲ್ಲ. ಆ ವಾರವೇ ಟೀಚರಮ್ಮ ಗಂಡನ ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟ್ರಾಲ್ ಇನ್ನೂರ ಅರವತ್ತೆಂಟು ಬಂತು. ಅಂದಿನಿಂದ ಬಾಣಲೆ ಅಟ್ಟ ಸೇರಿತು, ಬೆಣ್ಣೆಯ ಹೆಸರೆತ್ತುವಂತಿಲ್ಲ, ಮೊಟ್ಟೆಯಲ್ಲಿ ಬಿಳಿಯದು ಮಾತ್ರ ಗಂಡನ ತಟ್ಟೆಗೆ. ಆಮೇಲೆ ನಿವೃತ್ತಿಯೂ ಆಯಿತಲ್ಲ, ಮೂರನೇ ತರಗತಿಯ ಮೂವತ್ತೆಂಟು ಮಕ್ಕಳ ಮೇಲೆ ಹರಡಿ ಹೋಗುತ್ತಿದ್ದ ಶಿಸ್ತೆಲ್ಲ ಒಟ್ಟಾಗಿ ಒಬ್ಬ ದರ್ಜಿಯ ತಲೆಯ ಮೇಲೆ ಬಿತ್ತು. ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಟೀಚರಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಂಡನ ತಟ್ಟೆ ಕಾಯುತ್ತಿದ್ದರು. "ನಮ್ಮ ಮನೇಲಿ ಎಣ್ಣೆ ಅಂತ ಇರೋದು ಇವಳ ಕಣ್ಣಲ್ಲಿ ಮಾತ್ರ," ಎಂದು ಮಾಸ್ಟರ್ ಗಿರಾಕಿಗಳ ಮುಂದೆ ದೂರುತ್ತಿದ್ದರು. ಹೆಂಡತಿಗೆ ಎಣ್ಣೆ ಪೊಲೀಸ್ ಎಂದು ಹೆಸರೂ ಇಟ್ಟಿದ್ದರು. ಹೆಸರಿಟ್ಟರೂ ಕೊಟ್ಟದ್ದನ್ನು ತಿನ್ನುತ್ತಿದ್ದರು. ಅಣ್ಣನನ್ನು ಆ ಮೇಜಿನಿಂದ ಕೆಳಗಿಳಿಸಿದವರು ಅವರೇ. ಹೆಂಡತಿಯ ಭಯ ಎಲ್ಲಿಂದ ಬಂದದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆರು ತಿಂಗಳಿಗೊಮ್ಮೆ ಬರುವ ಅಂಕಿಯನ್ನು ಟೀಚರಮ್ಮ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಷರಾ ಹಾಕುತ್ತಿದ್ದರು. 'ಪರವಾಗಿಲ್ಲ.' 'ಇನ್ನೂ ಪ್ರಯತ್ನ ಬೇಕು.' ಒಮ್ಮೆ, ಗಿರಾಕಿಯೊಬ್ಬರ ಗೃಹಪ್ರವೇಶದ ಊಟವಾದ ಮೇಲೆ, 'ನಡತೆ ಸರಿಯಿಲ್ಲ.' ಮಾತ್ರೆ ನುಂಗಿದರೂ ಆ ಅಂಕಿ ಇನ್ನೂರರ ಆಸುಪಾಸಿನಲ್ಲೇ ಮೊಂಡು ಹಿಡಿದು ಕೂತಿತ್ತು.

ಹೀಗೆ ಎದೆಯ ಬಾಗಿಲನ್ನು ಹಗಲಿರುಳು ಕಾಯುತ್ತ ಕೂತಿರುವಾಗ ರೋಗ ಹಿತ್ತಲಿನಿಂದ ಬಂತು. ದೊಡ್ಡ ಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಆಯಿತು. ಈಗ ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಅರ್ಧ ದಿನ ಮಲಗಿ ನರಕ್ಕೆ ಔಷಧಿ ಹರಿಸಿಕೊಂಡು ಬರಬೇಕು. ಟೀಚರಮ್ಮ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಎರಡು ದಿನ ಅತ್ತರು. ಮೂರನೇ ದಿನ ಮುಖ ತೊಳೆದುಕೊಂಡು ಎದ್ದರು. ಅಂಕಿಯ ಸರದಿ ಬಂದಾಗ, "ಹೇಗೂ ಸೂಜಿ ಚುಚ್ಚುತ್ತೀರಲ್ಲ, ಹಾಗೇ ಕೊಲೆಸ್ಟ್ರಾಲೂ ನೋಡಿಬಿಡಿ," ಎಂದು ರಕ್ತ ತೆಗೆಯುವಾಕೆಗೆ ಹೇಳಿದರು. ಆ ನೂರಿಪ್ಪತ್ತೊಂದು ಬಂದದ್ದು ಹಾಗೆ. ಟೀಚರಮ್ಮ ಹದಿನೇಳು ವರ್ಷದಲ್ಲಿ ಮೊದಲ ಸಲ 'ಅತ್ಯುತ್ತಮ' ಎಂದು ಬರೆದರು.

ಮಿಠಾಯಿ ಹಂಚಿದ ಮರುದಿನ ಆ ವರದಿಯನ್ನು ಆಸ್ಪತ್ರೆಗೆ ಒಯ್ದು ಡಾಕ್ಟರ್ ಮುಂದೆ ಹರಡಿಟ್ಟರು. ಡಾಕ್ಟರ್ ಎಳೆಯ ವಯಸ್ಸಿನ ಹುಡುಗಿ. ಟೀಚರಮ್ಮನ ಕಣ್ಣಿಗೆ ಎರಡನೇ ಬೆಂಚಿನಲ್ಲಿ ಕೂತು ಮೊದಲು ಕೈಯೆತ್ತುವಂಥ ಜಾಣೆ. ಬೆನ್ನು ತಟ್ಟುತ್ತಾಳೆಂದು ಕಾದರೆ, ಅವಳು ವರದಿಯನ್ನು ಎರಡು ಸಲ ಓದಿ ಮಾಸ್ಟರ್ ತೂಕದ ಚೀಟಿ ಹುಡುಕತೊಡಗಿದಳು.

"ಯಾಕಮ್ಮ? ಚೆನ್ನಾಗಿ ಇಳಿದಿದೆಯಲ್ಲ?" ಎಂದರು ಟೀಚರಮ್ಮ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಟ್ಟಿಮುಟ್ಟಾಗಿರೋರಿಗೆ ಈ ಅಂಕಿ ಬಂದ್ರೆ ಖುಷಿ ಪಡಬಹುದು. ನಮ್ಮ ರೋಗಿಗಳಲ್ಲಿ ಅದು ಹೀಗೆ ದಿಢೀರಂತ ಕುಸಿದ್ರೆ ನಮಗೆ ಯೋಚನೆ ಶುರುವಾಗುತ್ತೆ. ಕೆಲವು ಕ್ಯಾನ್ಸರ್‌ಗಳಲ್ಲಿ, ಕೊಲೆಸ್ಟ್ರಾಲ್ ತೀರಾ ಇಳಿದುಹೋದೋರು ಉಳಿದೋರಷ್ಟು ಕಾಲ ಬದುಕಿದ್ದು ಕಡಿಮೆ ಅಂತ ನೋಡಿದ್ದಾರೆ."

ಟೀಚರಮ್ಮ ವರದಿಯ ಮೇಲೆ ಬಗ್ಗಿದರು. "ಹಾಗಾದ್ರೆ... ಕೊಲೆಸ್ಟ್ರಾಲ್ ಏರಿಸಿದ್ರೆ ವಾಸಿ ಆಗುತ್ತಾ?"

"ಇಲ್ಲಮ್ಮ. ಅದು ಔಷಧಿ ಅಲ್ಲ, ಬರೀ ಗುರುತು. ಮೈ ಒಳಗಿಂದ ಕರಗ್ತಾ ಇದೆ, ಊಟ ಸಾಲ್ತಾ ಇಲ್ಲ ಅಂತ ಹೇಳ್ತಾ ಇದೆ. ಇವರ ತೂಕ ಐವತ್ತೊಂದಕ್ಕೆ ಬಂದಿದೆ ನೋಡಿ. ಐವತ್ತರ ಕೆಳಗೆ ಹೋದ್ರೆ ಔಷಧಿ ತಡ್ಕೊಳ್ಳೋ ಶಕ್ತಿ ಇರಲ್ಲ, ನಾನು ಕೊಡೋದೂ ಇಲ್ಲ. ನಿಲ್ಲಿಸಿದ್ರೆ ರೋಗಕ್ಕೆ ಬಾಗಿಲು ತೆಗೆದ ಹಾಗೆ. ಮನೇಲಿ ಎಣ್ಣೆ, ಬೆಣ್ಣೆ ಎಲ್ಲ ಕೊಡ್ತಾ ಇದ್ದೀರಿ ತಾನೇ?"

ಮಾಸ್ಟರ್ ಸೂರು ನೋಡಿದರು. ಟೀಚರಮ್ಮನ ಕೈ ಮೇಜಿನ ಮೇಲಿದ್ದ ವರದಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು. ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ತಾನು ಹೃದಯದ ಡಾಕ್ಟರ ಜೊತೆ ಮಾತಾಡುತ್ತೇನೆ, ನೀವು ಧಾರಾಳವಾಗಿ ತಿನ್ನಿಸಿ ಎಂದು ಡಾಕ್ಟರ್ ಹೇಳಿದ್ದು ಅವರಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕೂತದ್ದೇ ಅಳು ಒತ್ತರಿಸಿ ಬಂತು.

"ನಾನೇ ನಿಮ್ಮನ್ನ ಉಪವಾಸ ಕೆಡವಿದೆ ಅಲ್ವೇನ್ರೀ? ಕ್ಯಾನ್ಸರ್ ಬಂದ ಮೇಲೂ ಬೇಯಿಸಿದ ತರಕಾರಿ ಹಾಕಿದೆ."

"ಅಯ್ಯೋ ಹುಚ್ಚಿ, ನನಗೇ ಹಸಿವಿರಲಿಲ್ಲ ಕಣೇ," ಎಂದರು ಮಾಸ್ಟರ್. ಅದು ನಿಜವೇ. ಆದರೆ ಟೀಚರಮ್ಮ ತಮ್ಮ ಮೇಲೆ ತಾವೇ ಹೊರಿಸಿಕೊಂಡ ತಪ್ಪನ್ನು ಅಷ್ಟು ಸುಲಭವಾಗಿ ಇಳಿಸುವವರಲ್ಲ. ಅತಿಯಾದರೆ ಅಮೃತವೂ ವಿಷ ಎಂದು ಮೂವತ್ತೊಂದು ವರ್ಷ ಮಕ್ಕಳ ಕೈಯಲ್ಲಿ ಕಾಪಿ ಬರೆಸಿದ್ದರು. ಮನೆ ಬರುವ ತನಕ ಕಣ್ಣೊರೆಸಿಕೊಂಡರು. ಮಾಸ್ಟರ್ ಹೆಂಡತಿಯ ಕೈಯನ್ನು ತಮ್ಮ ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದರು.

ಮರುದಿನ ಬಾಣಲೆ ಅಟ್ಟದಿಂದ ಇಳಿಯಿತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಟೀಚರಮ್ಮ ಒಂದೇ ದಿನ ಎರಡು ಮುದ್ದೆ ಬೆಣ್ಣೆ, ಮೂವತ್ತು ಮೊಟ್ಟೆ, ಕೆನೆ ತೆಗೆಯದ ಹಾಲು ತಂದರು. ಅಂಗಡಿಯವನು, "ನೆಂಟರು ಬಂದಿದ್ದಾರಾ?" ಎಂದು ಕೇಳಿದ. ಶಾಲೆಯ ವೇಳಾಪಟ್ಟಿಯ ಹಾಗೆ ಒಂದು ಹಾಳೆ ಗೋಡೆಗೆ ಹತ್ತಿತು: ಏಳು ಗಂಟೆಗೆ ಹಾಲು, ಒಂಬತ್ತಕ್ಕೆ ಬೆಣ್ಣೆ ಸವರಿದ ಬ್ರೆಡ್ಡು, ಹನ್ನೊಂದಕ್ಕೆ ಮೊಟ್ಟೆ, ಹಳದಿಯ ಸಮೇತ. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು. ತಟ್ಟೆಯ ಜೊತೆ ಟೀಚರಮ್ಮನೂ ಬಂದು, ಮೇಜಿನ ಪಕ್ಕ ಕೈ ಕಟ್ಟಿ ನಿಲ್ಲುತ್ತಿದ್ದರು. "ಇನ್ನೊಂದು ತುತ್ತು. ನುಂಗಿದ್ರಾ? ಎಲ್ಲಿ, ಬಾಯಿ ತೆಗೀರಿ."

"ಲೇ, ಮೊದಲು ತಿಂದ್ರೆ ತಪ್ಪು ಅಂತಿದ್ದೆ, ಈಗ ತಿನ್ನದಿದ್ರೆ ತಪ್ಪು ಅಂತೀಯ. ನಿನ್ನ ಕಾನೂನು ಪುಸ್ತಕದಲ್ಲಿ ನನಗೆ ಬಿಡುಗಡೆಯೇ ಇಲ್ವಾ?" ಎಂದು ಮಾಸ್ಟರ್ ನಗುತ್ತಿದ್ದರು. ಎರಡು ತುತ್ತಾದ ಮೇಲೆ, "ಉಳಿದಿದ್ದು ಅಂಗಡೀಲಿ ಹೊಲೀತಾ ಹೊಲೀತಾ ತಿಂತೀನಿ," ಎಂದು ತಟ್ಟೆ ಎತ್ತಿಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದರು. ತಟ್ಟೆ ತೊಳೆದಷ್ಟು ಖಾಲಿಯಾಗಿ ಹಿಂದಿರುಗುತ್ತಿತ್ತು. ಟೀಚರಮ್ಮನಿಗೆ ಅಷ್ಟೇ ಸಾಕು. ತಾವು ಏನು ತಿಂದೆವು, ತಿಂದೆವೋ ಇಲ್ಲವೋ ಎಂಬುದು ಅವರ ವೇಳಾಪಟ್ಟಿಯಲ್ಲೇ ಇರಲಿಲ್ಲ.

ಭಾನುವಾರ ತೂಕ. ಆ ಔಷಧಿ ಹರಿಸಿಕೊಂಡವರಿಗೆ ಚಳಿ ಸೂಜಿಯ ಹಾಗೆ ಚುಚ್ಚುತ್ತದಂತೆ. ಮಾಸ್ಟರ್ ತಾವೇ ಹೊಲಿದುಕೊಂಡ ಕಂದು ಉಣ್ಣೆಯ ಕೋಟನ್ನು ಮೈಯಿಂದ ತೆಗೆಯುತ್ತಲೇ ಇರಲಿಲ್ಲ. ಟೀಚರಮ್ಮ ಲೆಕ್ಕದಲ್ಲಿ ಕಟ್ಟುನಿಟ್ಟು. ಮೊದಲ ಭಾನುವಾರವೇ ಐದು ನಿಮಿಷ ಕೋಟು ಬಿಚ್ಚಿಸಿ, ಗಂಡನಿಗೆ ಕಂಬಳಿ ಹೊದಿಸಿ ಕೂರಿಸಿ, ಕೋಟೊಂದನ್ನೇ ತೂಗಿದರು. ಸರಿಯಾಗಿ ಒಂದು ಕೆಜಿ. "ಇನ್ನು ಮೇಲೆ ಕೋಟು ಹಾಕ್ಕೊಂಡೇ ನಿಂತ್ಕೊಳ್ಳಿ, ನಾನು ಒಂದು ಕಳೀತೀನಿ," ಎಂದರು. ಆ ದಿನ, ಒಂದು ಕಳೆದು, ಐವತ್ತು ಕೆಜಿ ಎಂಟುನೂರು ಗ್ರಾಂ. ಇನ್ನೂರು ಗ್ರಾಂ ಇಳಿದಿತ್ತು. ಟೀಚರಮ್ಮ ಕ್ಯಾಲೆಂಡರಿನಲ್ಲಿ ಬರೆಯುವಾಗ ಅವರ ಕೈ ನಡುಗಿದ್ದನ್ನು ಮಾಸ್ಟರ್ ನೋಡಿದರು.

ಎರಡನೇ ಭಾನುವಾರ ಐವತ್ತೊಂದು ಕೆಜಿ ಆರುನೂರು. ಮೂರನೆಯದು ಐವತ್ತೆರಡು ಕೆಜಿ ನಾನೂರು! ಟೀಚರಮ್ಮ ಕ್ಯಾಲೆಂಡರಿಗೆ ಎರಡು ನಕ್ಷತ್ರ ಬರೆದು, ಅರವತ್ತೆರಡರ ವಯಸ್ಸು ಮರೆತು ಗಂಡನ ಗಲ್ಲ ಹಿಂಡಿದರು. ಆ ನಡುವೆ ಒಂದೆರಡು ಮಧ್ಯಾಹ್ನ ಮಾಸ್ಟರ್ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯುತ್ತ ಕೂತಿದ್ದರು. "ಅಸ್ತರು ಬಿಟ್ಟುಕೊಂಡಿದೆ," ಎಂದಿದ್ದರು. ದರ್ಜಿ ಹೊಲಿದರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ?

ಔಷಧಿಯ ದಿನ ಆಸ್ಪತ್ರೆಯಲ್ಲಿ ನರ್ಸ್, "ಕೋಟು ತೆಗೆದು ನಿಂತ್ಕೊಳ್ಳಿ," ಎಂದಳು.

"ಚಳಿ ಸಿಸ್ಟರ್," ಎಂದರು ಮಾಸ್ಟರ್.

"ಪರವಾಗಿಲ್ಲಮ್ಮ, ಆ ಕೋಟು ಒಂದು ಕೆಜಿ. ನಾನೇ ಕೈಯಾರೆ ತೂಗಿದ್ದೀನಿ. ಕಳೆದು ಬರ್ಕೋ," ಎಂದರು ಟೀಚರಮ್ಮ. ಆ ದನಿಗೆ ಎದುರಾಡುವ ಎದೆ ಯಾರಿಗಿದೆ? ನರ್ಸ್ ಐವತ್ತೆರಡು ಕೆಜಿ ನಾನೂರು ಎಂದು ಬರೆದುಕೊಂಡಳು.

ಡಾಕ್ಟರ್ ಆ ಅಂಕಿ ನೋಡಿ ನಕ್ಕಳು. ಹಿಂದಿನ ದಿನದ ರಕ್ತದ ವರದಿ ನೋಡಿ ನಗು ಅರ್ಧಕ್ಕೆ ನಿಂತಿತು. "ಕೊಲೆಸ್ಟ್ರಾಲ್ ನೂರ ಹದಿನಾಲ್ಕು. ಇನ್ನೂ ಇಳಿದಿದೆ. ತೂಕ ಮಾತ್ರ ಏರಿದೆ. ನೀರು ತುಂಬಿಕೊಂಡಿದ್ಯೋ ಏನೋ," ಎಂದು ಬಗ್ಗಿ ಮಾಸ್ಟರ್ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಊತ ಇರಲಿಲ್ಲ. "ಸರಿ, ಬಾಕಿ ಎಣಿಕೆಗಳು ಚೆನ್ನಾಗಿವೆ. ಕಳೆದ ಸಲ ಔಷಧಿ ಕಡಿಮೆ ಮಾಡಿದ್ದೆ. ಈ ಸಲ ತೂಕಕ್ಕೆ ತಕ್ಕ ಹಾಗೆ ಪೂರ್ತಿ ಕೊಡೋಣ."

"ತೂಕ ನೋಡಿ ಔಷಧಿ ಅಳೀತೀರಾ?" ಎಂದರು ಮಾಸ್ಟರ್. ಅವರ ಕೈ ತಾನಾಗಿ ಕೋಟಿನ ಅಂಚಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಮತ್ತೆ? ಹೆಚ್ಚಾದ್ರೆ ಮೈಗೆ ತಡೆಯೋಕಾಗಲ್ಲ," ಎಂದು ಡಾಕ್ಟರ್ ಚೀಟಿ ಬರೆದಳು.

ಟೀಚರಮ್ಮನಿಗೆ ಆ ಎರಡು ಅಂಕಿಗಳು ಹೊಂದಲಿಲ್ಲ. ತಿಂದರೆ ಎರಡೂ ಒಂದೇ ಕಡೆಗೆ ನಡೆಯಬೇಕಲ್ಲವೇ? ಹಾಗೆ ಲೆಕ್ಕ ಹಾಕುತ್ತಲೇ ಔಷಧಿ ಕೊಡುವ ಕೋಣೆಗೆ ಗಂಡನನ್ನು ಕರೆದೊಯ್ದರು. ಸಾಲಾಗಿ ಒರಗುಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಕಬ್ಬಿಣದ ಕಂಬ. ಸೂಜಿ ಚುಚ್ಚಲು ತೋಳು ಬೇಕು, ಕೋಟು ತೆಗೆಯಿರಿ ಎಂದು ಹೇಳಿ ನರ್ಸ್ ಔಷಧಿ ತರಲು ಹೋದಳು.

"ನಾನೇ ತೆಗೀತೀನಿ, ನೀನು ಬಿಡು," ಎಂದರು ಮಾಸ್ಟರ್. ಅಷ್ಟರಲ್ಲಿ ಟೀಚರಮ್ಮ ಹೆಗಲಿನಿಂದ ಕೋಟು ಕಳಚಿಯಾಗಿತ್ತು. ಕಳಚಿದ ಕೈ ಜಗ್ಗಿ ಮೊಣಕಾಲಿಗೆ ಬಂತು. ಇದು ಒಂದು ಕೆಜಿಯ ಕೋಟಲ್ಲ. ಟೀಚರಮ್ಮ ಅಂಚನ್ನು ಎರಡು ಬೆರಳಿನಲ್ಲಿ ಒತ್ತಿಕೊಂಡು ಹೋದರು. ಅಸ್ತರಿನ ಒಳಗೆ ಗಟ್ಟಿ ಬಿಲ್ಲೆಗಳು, ಒಂದರ ಪಕ್ಕ ಒಂದು, ಒಂದಿಷ್ಟೂ ಸದ್ದಾಗದ ಹಾಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಜೇಬು ಹೊಲಿದು ಕೂರಿಸಿದ್ದು. ಗಾಳಿಗೆ ಹಾರದಿರಲೆಂದು ದೊಡ್ಡ ಪರದೆಗಳ ಅಂಚಿಗೆ ಹಾಕುವ ಸೀಸದ ಬಿಲ್ಲೆಗಳು. ಎಂಥ ಅಚ್ಚುಕಟ್ಟಾದ ಹೊಲಿಗೆ ಎಂದು, ಆ ಹೊತ್ತಿನಲ್ಲೂ, ಅವರಿಗೆ ಅನ್ನಿಸಿತು.

ಗಂಡನ ಮುಖ ನೋಡಿದರು. ಪರೀಕ್ಷೆಯಲ್ಲಿ ಚೀಟಿಯ ಸಮೇತ ಸಿಕ್ಕಿಬಿದ್ದ ಹುಡುಗನ ಮುಖ ಅವರಿಗೆ ಹೊಸದಲ್ಲ.

"ಸುಮ್ಮನಿರೇ," ಎಂದು ಮಾಸ್ಟರ್ ಪಿಸುಗುಟ್ಟಿದರು. "ಇದೊಂದು ಸಲ ಔಷಧಿ ಹೋಗಿಬಿಡ್ಲಿ. ಹೇಳಿದ್ರೆ ನಿಲ್ಲಿಸ್ತಾರೆ. ನಾನು ತಡ್ಕೋತೀನಿ."

ಟೀಚರಮ್ಮ ಕೋಟನ್ನು ಎದೆಗೆ ಅವಚಿಕೊಂಡು ನಿಂತರು. ಹೇಳಿದರೆ ಔಷಧಿ ಇಲ್ಲ, ರೋಗಕ್ಕೆ ಬಾಗಿಲು ತೆಗೆದ ಹಾಗೆ. ಹೇಳದಿದ್ದರೆ ಇಲ್ಲದ ಎರಡು-ಮೂರು ಕೆಜಿ ಗಂಡನಿಗೂ ಸೇರಿಸಿ ಔಷಧಿ ಹರಿಯುತ್ತದೆ, ಇರುವ ಗಂಡ ಅದನ್ನು ತಡೆಯಬೇಕು. ಮನೆಯ ಕ್ಯಾಲೆಂಡರಿನ ನಕ್ಷತ್ರಗಳು ಕಣ್ಣ ಮುಂದೆ ಬಂದವು. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ನರ್ಸ್ ಔಷಧಿಯ ಚೀಲ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು.

"ನಿಲ್ಲಮ್ಮ," ಎಂದರು ಟೀಚರಮ್ಮ. "ನನ್ನ ಲೆಕ್ಕ ತಪ್ಪಿದೆ. ಇವರನ್ನ ಇನ್ನೊಂದು ಸಲ ತೂಗು. ಕೋಟಿಲ್ಲದೆ."

ನಲವತ್ತೊಂಬತ್ತು ಕೆಜಿ ಇನ್ನೂರು ಗ್ರಾಂ.

ಡಾಕ್ಟರ್ ಓಡಿ ಬಂದಳು. ಬೈಯಲಿಲ್ಲ. ಕೋಟನ್ನು ಒಮ್ಮೆ ಎತ್ತಿ ನೋಡಿ, ಕುರ್ಚಿ ಎಳೆದುಕೊಂಡು ಮಾಸ್ಟರ್ ಎದುರು ಕೂತಳು. "ಇವತ್ತು ಔಷಧಿ ಬೇಡ. ಒಂದು ವಾರ ಮುಂದೂಡ್ತೀನಿ, ಪೂರ್ತಿ ನಿಲ್ಲಿಸ್ತಿಲ್ಲ. ಈಗ ನಿಜ ಹೇಳಿ ಅಪ್ಪ, ಯಾಕೆ ತಿನ್ನೋಕಾಗ್ತಿಲ್ಲ?"

ಮಾಸ್ಟರ್ ಹೆಂಡತಿಯ ಕಡೆ ನೋಡಿದರು. "ಏನು ಬಾಯಿಗಿಟ್ಟರೂ ಗುಂಡುಸೂಜಿ ರುಚಿ. ನಾವು ದರ್ಜಿಗಳು ಸೂಜಿ ಬಾಯಲ್ಲಿ ಕಚ್ಕೊಂಡೇ ಕೆಲಸ ಮಾಡೋರಲ್ವಾ, ಆ ರುಚಿ ನನಗೆ ಗೊತ್ತು. ಬೆಣ್ಣೇನೂ ಸೂಜಿ, ಮೊಟ್ಟೇನೂ ಸೂಜಿ. ಇವಳು ಅಷ್ಟು ಆಸೆಯಿಂದ ಮಾಡಿ ತಂದು ಎದುರಿಗೆ ನಿಲ್ತಾಳೆ. ಅವಳು ತುತ್ತು ಎಣಿಸ್ತಿದ್ರೆ ನನ್ನ ಗಂಟಲೇ ಮುಚ್ಕೊಳ್ಳುತ್ತೆ."

"ಮತ್ತೆ ಖಾಲಿ ತಟ್ಟೆ?" ಎಂದರು ಟೀಚರಮ್ಮ.

"ಅಂಗಡಿ ಹಿಂದೆ ಒಂದು ನಾಯಿ ಇದೆಯಲ್ಲ... ಅದಕ್ಕೆ ಈಗ ನಡೆಯೋಕೂ ಆಗಲ್ಲ. ಮುಂದಿನ ಸಲ ಅದರ ಕೊಲೆಸ್ಟ್ರಾಲ್ ನೋಡಿಸಬೇಕು."

ನರ್ಸ್ ನಕ್ಕುಬಿಟ್ಟಳು. ಡಾಕ್ಟರೂ ನಕ್ಕಳು. ಬಾಯಿಗೆ ಹಚ್ಚಿಕೊಳ್ಳಲು, ಮುಕ್ಕಳಿಸಲು ಔಷಧಿ ಬರೆದಳು, ಲೋಹದ ಚಮಚ ಬಿಟ್ಟು ಮರದ್ದು ಬಳಸಿ ಎಂದಳು, ಊಟದ ಬಗ್ಗೆ ಹೇಳಿಕೊಡುವವರನ್ನು ನಾಳೆಯೇ ನೋಡಿ ಎಂದಳು. ಒಂದು ವಾರದಲ್ಲಿ ಐವತ್ತು ದಾಟಿದರೆ ಔಷಧಿ ಮುಂದುವರಿಯುತ್ತದೆ. ದಾಟದಿದ್ದರೆ ಬೇರೆ ದಾರಿ ಯೋಚಿಸಬೇಕು. ಟೀಚರಮ್ಮ ಎಲ್ಲವನ್ನೂ ಬರೆದುಕೊಂಡರು. ನಗಲಿಲ್ಲ.

ಪಡಸಾಲೆಯ ಬೆಂಚಿನ ಮೇಲೆ ಕೂತ ಮೇಲೆ ಅವರು ಗಂಡನ ಕಡೆ ತಿರುಗಿದರು. "ಯಾಕ್ರೀ ಹೀಗೆ ಮಾಡಿದ್ರಿ?"

"ಅವತ್ತು ಕ್ಯಾಲೆಂಡರ್ ಮೇಲೆ ಬರೆಯೋವಾಗ ನಿನ್ನ ಕೈ ನಡುಗ್ತಿತ್ತು ಕಣೇ. ನನಗೆ ಬೇರೇನೂ ಮಾಡೋಕೆ ಬರಲ್ಲ. ಹೊಲಿಯೋಕೆ ಬರುತ್ತೆ."

"ನನಗೆ ಸೀಸ ತುಂಬಿದ ಗಂಡ ಬೇಡ," ಎಂದರು ಟೀಚರಮ್ಮ. ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ನಲವತ್ತೊಂಬತ್ತು ಕೆಜಿಯ ನಿಜವಾದೋರು ಸಾಕು. ನಾನು ಖುಷಿಯಾಗಿರಲಿ ಅಂತ ಸುಳ್ಳು ತೂಗಬೇಡಿ. ನೀವು ಇರಿ. ನನಗೆ ನೀವು ಇರಬೇಕು, ಅಷ್ಟೇ."

ಮಾಸ್ಟರ್ ಟೀಚರಮ್ಮನ ಕೈ ಹಿಡಿದುಕೊಂಡರು. ಆಮೇಲೆ ಹೆಂಡತಿಯ ತೋಳನ್ನು ಗಿರಾಕಿಯ ತೋಳು ನೋಡುವ ಹಾಗೆ ನೋಡಿದರು. "ನಿನ್ನ ಬ್ಲೌಸಿನ ತೋಳು ಒಂದು ಇಂಚು ಸಡಿಲ ಆಗಿದೆ. ಅಳತೆ ಪಟ್ಟಿ ಬೇಡ ನನಗೆ. ನೀನು ಹೊಟ್ಟೆ ತುಂಬ ಊಟ ಮಾಡಿ ಎಷ್ಟು ದಿನ ಆಯ್ತು?"

ಟೀಚರಮ್ಮ ಬೆರಳು ಮಡಿಸಿ ದಿನ ಎಣಿಸತೊಡಗಿದರು. ಎಣಿಸುವಾಗಲೇ ಗೊತ್ತಾಯಿತು, ತಮಗೆ ವಿಪರೀತ ಹಸಿವಾಗಿದೆ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಂದು ಬನ್ನು ತಂದರು. ಅರ್ಧ ಮುರಿದು ಗಂಡನ ಕೈಯಲ್ಲಿಟ್ಟು, ಇನ್ನರ್ಧ ಹಿಡಿದು, ಬೆಂಚಿನ ಮೇಲೆ ಕಿಟಕಿಯ ಕಡೆಗೆ ತಿರುಗಿ ಕೂತರು. ಹೊರಗೆ ಯಾರೋ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಟೀಚರಮ್ಮ ಆ ಗಾಡಿಯನ್ನೇ ನೋಡುತ್ತ ತಿಂದರು, ದೊಡ್ಡ ದೊಡ್ಡ ತುತ್ತು. 'ತಿಂದ್ರಾ?' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನೂ ಬನ್ನಿನ ಜೊತೆ ನುಂಗಿದರು. ಗಾಡಿಗೆ ಜಾಗ ಸಿಕ್ಕಿತು. ಟೀಚರಮ್ಮ ತಿರುಗಲಿಲ್ಲ.

ಕೊನೆಗೆ ಬೆನ್ನ ಹಿಂದೆ ಮಾಸ್ಟರ್ ಗಂಟಲು ಸರಿಮಾಡಿಕೊಂಡರು.

"ಎರಡೇ ತುತ್ತು ಹೋಯ್ತು ಕಣೇ. ಆದರೆ ಎರಡೂ ನನ್ನ ಹೊಟ್ಟೇಲೇ ಇವೆ."

"ಸಾಕು," ಎಂದರು ಟೀಚರಮ್ಮ, ಇನ್ನೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ಕಣ್ಣೊರೆಸಿಕೊಳ್ಳುತ್ತ. "ಇವತ್ತಿಗೆ ಸಾಕು. ನಿಧಾನಕ್ಕೆ ತಿನ್ನಿ, ನಾನು ಇಲ್ಲೇ ಕೂತಿರ್ತೀನಿ."